ಮಂಗಳವಾರದವರು

ಆ ವರ್ಷದ ಕೊಯ್ಲಿನಲ್ಲಿ ನಾನು ಮೂರು ತೊಟ್ಟಿ ಕಾಫಿಯನ್ನು ಹುಳಿಯಾಗಿಸಿ ಹಾಳು ಮಾಡಿದೆ. ನನ್ನ ಕಾಯಿಲೆಯ ಕಥೆ ಶುರುವಾಗುವುದು ಅಲ್ಲಿಂದ. ಯಾರಾದರೂ ಕೇಳಿದರೆ ಬಹಳ ವರ್ಷ ನಾನು ತೋಳಿನ ಮೇಲಿನ ಮಚ್ಚೆಯಿಂದ ಶುರು ಮಾಡುತ್ತಿದ್ದೆ. ಮಚ್ಚೆಯಿಂದ ಹೊರಟರೆ ಕಥೆಗೆ ತಾನಾಗಿ ಒಂದು ಸಾಲು ಸಿಗುತ್ತದೆ: ಮಚ್ಚೆ, ಡಾಕ್ಟರು, ಸೂಜಿಮದ್ದು, ಗುಣ. ನಡೆದದ್ದು ಹಾಗಲ್ಲ. ಮಚ್ಚೆ ಎರಡು ವರ್ಷದಿಂದ ಅಲ್ಲೇ ಇತ್ತು. ಸ್ನಾನ ಮಾಡುವಾಗ ದಿನವೂ ನೋಡುತ್ತಿದ್ದೆ. ಅದು ನನಗೆ ಏನನ್ನೂ ಹೇಳಲಿಲ್ಲ. ಹೇಳಿದ್ದು ಕಾಫಿ.

ಇದನ್ನು ಓದುವವರಲ್ಲಿ ಒಬ್ಬರಾದರೂ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿಕೊಂಡು ಕೂತಿರಬಹುದು. ಬರೆಯುತ್ತಿರುವುದು ಅವರಿಗಾಗಿ. ಈಗ ಈ ರೋಗಕ್ಕೆ ಗುಳಿಗೆ ಬಂದಿದೆ, ಅದರ ವಿಷಯ ಡಾಕ್ಟರುಗಳು ಹೇಳುತ್ತಾರೆ. ಗುಳಿಗೆ ಬರುವುದಕ್ಕೆ ಮುಂಚೆ, ಬಿಳಿ ದೊರೆಗಳ ಕಾಲದಲ್ಲಿ, ಇಬ್ಬರು ನನ್ನ ಕೈಯನ್ನು ನೋಡಿದ ರೀತಿಯನ್ನು ನಾನು ಹೇಳಬೇಕು.

ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನಲ್ಲಿ ನಾನು ಪಲ್ಪರ್ ಮನೆಯ ಕೆಲಸದಲ್ಲಿದ್ದೆ. ಸಂಜೆ ಕೊಯ್ದ ಹಣ್ಣು ಬರುತ್ತದೆ. ಪಲ್ಪರ್ ಯಂತ್ರ ಅದರ ಸಿಪ್ಪೆ ಸುಲಿಯುತ್ತದೆ. ಒಳಗಿನ ಬೀಜಕ್ಕೆ ಜೇನಿನಂಥ ಲೋಳೆ ಅಂಟಿಕೊಂಡೇ ಇರುತ್ತದೆ. ಆ ಬೀಜವನ್ನು ತೊಟ್ಟಿಗೆ ಬಿಟ್ಟು ಒಂದು ದಿನ, ಒಂದೂವರೆ ದಿನ ಕಾಯಬೇಕು. ಲೋಳೆ ತಾನಾಗಿ ಸಡಿಲಗೊಳ್ಳುತ್ತದೆ. ಆಗ ನೀರು ಬಿಟ್ಟು ತೊಳೆಯಬೇಕು. ಮುಂಚೆ ತೊಳೆದರೆ ಲೋಳೆ ಬೀಜದ ಮೇಲೇ ಒಣಗುತ್ತದೆ. ತಡವಾದರೆ ಹುಳಿ ನಾತ ಬೀಜದೊಳಗೆ ಇಳಿಯುತ್ತದೆ, ಆಮೇಲೆ ಅದನ್ನು ಯಾವ ಬಿಸಿಲೂ ತೆಗೆಯುವುದಿಲ್ಲ. ಸರಿಯಾದ ಹೊತ್ತು ಯಾವುದು ಎಂದು ಗಡಿಯಾರ ಹೇಳುವುದಿಲ್ಲ. ಚಳಿ ಹೆಚ್ಚಿದ್ದರೆ ನಿಧಾನ, ಮೋಡ ಮುಚ್ಚಿ ಸೆಕೆಯಾದರೆ ಬೇಗ. ತೊಟ್ಟಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಬೆರಳಲ್ಲಿ ತಿಕ್ಕಿ ನೋಡಬೇಕು. ಜಾರುತ್ತಿದ್ದರೆ ಇನ್ನೂ ಆಗಿಲ್ಲ. ಹೊಳೆಯ ಮರಳಿನ ಹಾಗೆ ತರಿತರಿ ಆಯಿತೋ, ನೀರು ಬಿಡು ಎಂದು ಕೂಗಬೇಕು.

ಇದನ್ನು ನನಗೆ ಕಲಿಸಿದವರು ಚಾತು ಮೇಸ್ತ್ರಿ. ತಲಶೇರಿ ಕಡೆಯಿಂದ ಹುಡುಗನಾಗಿದ್ದಾಗ ಗುಡ್ಡ ಹತ್ತಿ ಬಂದವರು. ನನ್ನ ಕೈ ಒಳ್ಳೆಯದು ಎಂದು ನನ್ನೆದುರು ಅವರು ಯಾವತ್ತೂ ಹೇಳಲಿಲ್ಲ. ಬೇರೆಯವರೆದುರು ಹೇಳುತ್ತಿದ್ದರಂತೆ. ಆರು ಕೊಯ್ಲು ಅವರ ಕೆಳಗೆ ದುಡಿದ ಮೇಲೆ ರಾತ್ರಿ ಸುಲಿದ ಹಣ್ಣಿನ ತೊಟ್ಟಿಗಳನ್ನು ನನಗೇ ಬಿಟ್ಟಿದ್ದರು.

ಮೊದಲನೆಯ ತೊಟ್ಟಿ ಹುಳಿಯಾದಾಗ ಅವರು ನಾನು ನಿದ್ದೆ ಹೋಗಿದ್ದೆ ಎಂದುಕೊಂಡರು. ಎರಡನೆಯದಕ್ಕೆ ಸೆಕೆಯ ಮೇಲೆ ತಪ್ಪು ಹಾಕಿದೆವು. ಮೂರನೆಯದರ ಬೆಳಿಗ್ಗೆ ಅವರು ತೊಟ್ಟಿಯ ಕಟ್ಟೆಯ ಮೇಲೆ ನಿಂತು ಮೂಗು ಅರಳಿಸಿದರು.

“ಎಡಾ ಕುಶಾಲ, ಇದು ಯಾವಾಗ ಆದದ್ದು?”

“ಆಗಿಲ್ಲ ಮೇಸ್ತ್ರಿ. ಇನ್ನೂ ಲೋಳೆ ಉಂಟು.”

“ಲೋಳೆಯಾ?”

“ನೋಡಿ, ಜಾರ್ತದೆ.” ನಾನು ಒಂದು ಹಿಡಿ ತೆಗೆದು ತಿಕ್ಕಿ ತೋರಿಸಿದೆ. ನಿಜವಾಗಿಯೂ ಜಾರುತ್ತಿತ್ತು.

ಅವರು ಬಗ್ಗಿ ತಾವೊಂದು ಹಿಡಿ ತೆಗೆದರು. ಬೆರಳಾಡಿಸಿದರು. ಆಮೇಲೆ ಆ ಹಿಡಿಯನ್ನು ನನ್ನ ಕೆನ್ನೆಗೆ ಒತ್ತಿ ಉಜ್ಜಿದರು. ಕೆನ್ನೆಗೆ ಅದು ಮರಳಾಗಿತ್ತು. ಉರಿಯುವಷ್ಟು ಒರಟು. ಅದೇ ಬೀಜ ನನ್ನ ಬಲಗೈಯಲ್ಲಿ ಲೋಳೆಯಾಗಿತ್ತು.

ಅವರು ನನ್ನ ಕೈಯನ್ನು ತಿರುಗಿಸಿ ನೋಡಿದರು. ಉಂಗುರಬೆರಳಿನ ಬುಡದಲ್ಲಿ ಒಂದು ಗಾಯ, ನೀರಲ್ಲಿ ನೆನೆದು ಬೆಳ್ಳಗಾಗಿತ್ತು.

“ಇದು ಯಾವಾಗ ಆಯ್ತು?”

“ಗೊತ್ತಿಲ್ಲ.”

ಅವರು ಕೈ ಬಿಟ್ಟರು. ಮೆಲ್ಲಗೆ ಬಿಟ್ಟರು ಎಂದು ನಾನು ಹೇಳಿಕೊಂಡು ಬಂದಿದ್ದೇನೆ. ಥಟ್ಟನೆ ಬಿಟ್ಟು ಹೋಗಿ ಕಾಲುವೆಯಲ್ಲಿ ಕೈ ತೊಳೆದುಕೊಂಡ ಒಂದು ಚಿತ್ರವೂ ನನ್ನೊಳಗೆ ಇದೆ. ಎರಡೂ ಅಷ್ಟೇ ಸ್ಪಷ್ಟವಾಗಿವೆ. ಪಲ್ಪರ್ ಮನೆಯವರು ದಿನವಿಡೀ ಕೈ ತೊಳೆಯುತ್ತಲೇ ಇರುತ್ತಾರೆ, ಹಾಗಾಗಿ ತೊಳೆದದ್ದಕ್ಕೆ ಅರ್ಥವಿರಲೇಬೇಕೆಂದೂ ಇಲ್ಲ.

ವಿರಾಜಪೇಟೆಯ ಡಾಕ್ಟರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕಣ್ಣು ಮುಚ್ಚು ಎಂದರು. ಕೋಳಿಗರಿಯಿಂದ ತೋಳಿನ ಮೇಲೆ, ಕೈಯ ಮೇಲೆ ಮುಟ್ಟುತ್ತೇನೆ, ಮುಟ್ಟಿದ ಕಡೆ ಇನ್ನೊಂದು ಕೈಯ ಬೆರಳಿಟ್ಟು ತೋರಿಸು ಎಂದರು. ನನಗೆ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ಮೊದಲನೆಯದನ್ನು ಮೊಣಕೈ ಹತ್ತಿರ ಸರಿಯಾಗಿ ತೋರಿಸಿದೆ. ಅವರು ಮತ್ತೆ ‘ಈಗ?’ ಎಂದಾಗ ಏನೂ ಗೊತ್ತಾಗದಿದ್ದರೂ ಎರಡನೆಯದಕ್ಕೆ ಅಂಗೈ ಎಂದೆ. ಮೂರನೆಯದಕ್ಕೆ ಕಿರುಬೆರಳು. ನಾಲ್ಕನೆಯದಕ್ಕೆ ಮಣಿಕಟ್ಟು.

“ಕಣ್ಣು ಬಿಡು,” ಎಂದರು ಡಾಕ್ಟರು. ಗರಿ ಮೇಜಿನ ಮೇಲಿತ್ತು. “ಮೊದಲನೆಯದಾದ ಮೇಲೆ ನಾನು ಮುಟ್ಟಲೇ ಇಲ್ಲ.”

ರೋಗದ ಹೆಸರನ್ನು ಅವರು ಒಂದೇ ಸಲ ಹೇಳಿದರು. ನಾನೂ ಇಲ್ಲಿ ಒಂದೇ ಸಲ ಬರೆಯುತ್ತೇನೆ: ಕುಷ್ಠ. ನಮ್ಮ ಕಡೆ ಅದನ್ನು ದೊಡ್ಡ ರೋಗ ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ. ಮೊಣಕೈಯ ನರ ದಪ್ಪವಾಗಿದೆ, ಇದು ಬೇರೆಯವರಿಗೆ ಹರಡುವ ಬಗೆಯದಲ್ಲ, ಬೇಗ ಬಂದಿದ್ದೀಯ, ವಾರಕ್ಕೊಮ್ಮೆ ಸೂಜಿಮದ್ದು ತೆಗೆದುಕೊಂಡರೆ ನಿಲ್ಲುತ್ತದೆ ಎಂದರು. ಇಷ್ಟೆಲ್ಲ ಒಳ್ಳೆಯ ಮಾತು ಒಟ್ಟಿಗೇ ಬಂದರೂ ನನ್ನ ಕಿವಿಗೆ ಹೋದದ್ದು ಆ ಒಂದೇ ಶಬ್ದ. ನಾನು ಕೇಳಿದ್ದು, ಮುಂದಿನ ಕೊಯ್ಲಿಗೆ ತೊಟ್ಟಿಗೆ ಕೈ ಹಾಕಬಹುದೇ ಎಂದು.

“ಮಚ್ಚೆ ಹೋಗಬಹುದು. ಆ ಬೆರಳುಗಳಿಗೆ ಮತ್ತೆ ಸ್ಪರ್ಶ ಬರುತ್ತದೆ ಅಂತ ನಾನು ಹೇಳಲಾರೆ,” ಎಂದರು. ಎಸ್ಟೇಟಿನ ದೊರೆಗೆ ಒಂದು ಕಾಗದ ಬರೆದುಕೊಟ್ಟರು: ಇವನಿಂದ ಯಾರಿಗೂ ಅಪಾಯವಿಲ್ಲ, ಕೆಲಸದಿಂದ ತೆಗೆಯುವ ಅಗತ್ಯವಿಲ್ಲ.

ದೊರೆ ಕಾಗದ ಓದಿ ನನ್ನನ್ನು ನರ್ಸರಿಗೆ ಹಾಕಿದರು. ಸಸಿಗೆ ಬಿದಿರಿನ ಬುಟ್ಟಿ ಹೆಣೆದು ಮಣ್ಣು ತುಂಬುವ ಕೆಲಸ. ಕಳಿಸಿಬಿಡಬಹುದಿತ್ತು, ಕಳಿಸಲಿಲ್ಲ. ಹಾಜರಿ ಬರೆಯುವ ರೈಟರು ನನ್ನ ಹೆಸರು ಕರೆಯುವಾಗ ಒಂದು ಕ್ಷಣ ನಿಲ್ಲುವುದಕ್ಕೆ ಶುರು ಮಾಡಿದರು. ಎಲ್ಲರೂ ಧೈರ್ಯವಾಗಿರು, ಒಳ್ಳೆಯದನ್ನೇ ಯೋಚಿಸು, ಎಲ್ಲ ಸರಿಹೋಗುತ್ತದೆ ಎಂದರು. ಹೇಳುತ್ತ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹಾಗೆ ಹೇಳದೆ ಇದ್ದವರು ಚಾತು ಮೇಸ್ತ್ರಿ ಒಬ್ಬರೇ.

“ಮುಂದಿನ ಕೊಯ್ಲಿಗೆ ಹನ್ನೊಂದು ತಿಂಗಳುಂಟು,” ಎಂದರು. “ಕೈ ಇದ್ದರೆ ಬಾ. ಇಲ್ಲದಿದ್ದರೆ ಬರಬೇಡ. ಪಾಪ ಅಂತ ನಿನ್ನ ಇಲ್ಲಿ ನಿಲ್ಲಿಸೋದಿಲ್ಲ, ಕೇಟ್ಟಾ?”

“ಸೂಜಿಮದ್ದು ಕೊಡ್ತಾರೆ ಮೇಸ್ತ್ರಿ. ಗರುಡಫಲದ ಎಣ್ಣೆಯಂತೆ.”

“ಮರೋಟ್ಟಿ ಎಣ್ಣೆಯಾ? ನಮ್ಮೂರಲ್ಲಿ ಅದನ್ನ ದೀಪಕ್ಕೆ ಹಾಕ್ತಾರೆ. ಒಳ್ಳೇದಾಯ್ತು, ಕತ್ತಲಲ್ಲಿ ನಿನ್ನ ಹುಡುಕಬೇಕಾಗಿಲ್ಲ.”

ಅವತ್ತು ನಗು ಬರಲಿಲ್ಲ. ಅವರ ಮಾತಿನ ಬೆಲೆ ಆಮೇಲೆ ಗೊತ್ತಾಯಿತು. ಉಳಿದವರೆಲ್ಲ ನನ್ನ ಕೈಯನ್ನು ಹಣೆಬರಹದ ಹಾಗೆ ನೋಡುತ್ತಿದ್ದಾಗ, ಅವರೊಬ್ಬರು ಅದನ್ನು ಕೈಯ ಹಾಗೆ ನೋಡಿದ್ದರು.

ಸೂಜಿಮದ್ದು ಮಂಗಳವಾರ. ಆಸ್ಪತ್ರೆಯ ಮುಂದಿನ ವರಾಂಡದಲ್ಲಿ ಜ್ವರದವರು, ಬಸುರಿಯರು, ಕೆಮ್ಮಿನವರು. ನಮಗೆ ಹಿಂಬದಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ನೇರಳೆ ಮರದ ಕೆಳಗೆ. ಕಂಪೌಂಡರರು ಬಾಗಿಲಿಗೆ ಬಂದು ರೋಗದ ಹೆಸರು ಹೇಳದೆ, “ಮಂಗಳವಾರದವರು ಬನ್ನಿ,” ಎಂದು ಕರೆಯುತ್ತಿದ್ದರು. ಅವರ ದಾಕ್ಷಿಣ್ಯಕ್ಕೆ ನಾನು ಇವತ್ತಿಗೂ ಋಣಿ. ಎಣ್ಣೆ ಪಾಕದಷ್ಟು ಗಟ್ಟಿ. ಬಾಟಲಿಯನ್ನು ಬಿಸಿನೀರಲ್ಲಿಟ್ಟು ತೆಳ್ಳಗೆ ಮಾಡಿ, ದಪ್ಪ ಸೂಜಿಯಲ್ಲಿ ಕುಂಡೆಗೆ ಕೊಡುತ್ತಿದ್ದರು. ಹೋಗುವಾಗ ಬಸ್ಸಿನಲ್ಲಿ ಕೂತು ಹೋದವನು ಬರುವಾಗ ನಿಂತೇ ಬರುತ್ತಿದ್ದೆ.

ಮೊದಲನೆಯ ಮಂಗಳವಾರ ಮರದ ಕೆಳಗೆ ಎಲ್ಲರಿಂದ ದೂರ, ಬೇರಿನ ಮೇಲೆ ಕೂತೆ. ಎದುರಿಗೆ ನಡುವಯಸ್ಸಿನ ಒಬ್ಬ ಹೆಂಗಸು ಎಲೆ ಅಡಿಕೆ ಅಗಿಯುತ್ತಿದ್ದಳು. ಎಡಗೈಯ ಬೆರಳುಗಳು ಒಳಕ್ಕೆ ಮಡಚಿದ್ದವು. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಮಾತ್ರ ನೆಟ್ಟಗಿದ್ದವು.

“ಏನ್ ತಂಬಿ, ಅಂಗಿ ತೋಳು ಇಳಿಸ್ಕೊಂಡ್ ಕೂತಿದ್ದೀಯ? ಇಲ್ಲಿ ಯಾರಿಂದ ಮುಚ್ಚೋದು?”

ನಾನು ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ.

“ಹೊಸಬ,” ಎಂದು ಪಕ್ಕದವರಿಗೆ ಹೇಳಿದಳು. “ಇನ್ನೂ ತಪ್ಪಿ ಬಂದವನ ಹಾಗೆ ಕೂತಿದ್ದಾನೆ.”

ಹೆಸರು ಪಳನಿಯಮ್ಮ. ಪೇಟೆಗೆ ಹತ್ತಿರದ ಒಂದು ಎಸ್ಟೇಟಿನ ಕೂಲಿ ಲೈನಿನಲ್ಲಿ ಇದ್ದವಳು, ಕಾಫಿ ಕೊಯ್ಯುವವಳು. ರೋಗ ಬಂದು ಬಹಳ ವರ್ಷವಾಗಿ, ಬೆರಳು ಮಡಚಿದ ಮೇಲೆ ಔಷಧಿಗೆ ಬಂದವಳು. ಆದರೂ ಕೈಯಲ್ಲಿ ಒಂದು ಹುಣ್ಣಿರಲಿಲ್ಲ. ಅದು ಎಷ್ಟು ಅಪರೂಪ ಎಂದು ತಿಳಿಯಲು ನಾನು ಆ ಮರದ ಕೆಳಗಿನ ಉಳಿದ ಕೈಗಳನ್ನು ನೋಡಬೇಕಾಯಿತು. ನೋಡಲು ಒಂದು ತಿಂಗಳು ಹಿಡಿಯಿತು.

ಈಗ ಹೇಳುವ ವಿಷಯದಲ್ಲಿ ನಾನು ಬಹಳ ಸಲ ಸುಳ್ಳು ಹೇಳಿದ್ದೇನೆ. ಆರನೆಯದೋ ಏಳನೆಯದೋ ಮಂಗಳವಾರ ಪಳನಿಯಮ್ಮ ನನ್ನ ಅಂಗೈಯಲ್ಲಿ ಬಿದಿರಿನ ಸಿಬಿರು ಚುಚ್ಚಿಕೊಂಡಿರುವುದನ್ನು ಕಂಡಳು, ಕೈ ಕೊಡು ಎಂದಳು, ನಾನು ಕೊಟ್ಟೆ: ಇದು ನಾನು ಹೇಳುವ ಕಥೆ. ಕೇಳಿದವರ ಕಣ್ಣು ತುಂಬುತ್ತಿತ್ತು. ನಿಜವಾಗಿ ಆದದ್ದು, ಆಕೆ ಕೈ ಚಾಚಿದಾಗ ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಆ ಮಡಚಿದ ಬೆರಳುಗಳಿಂದ ಎಳೆದುಕೊಂಡೆ. ಅದೇ ರೋಗ, ಅದೇ ಮರ, ಅದೇ ಸೂಜಿ. ಆದರೂ ಎಳೆದುಕೊಂಡೆ.

ಆಕೆ ನೋಡಿದಳು. ಒಂದು ಕ್ಷಣ ಮುಖ ಬಿಗಿಯಿತು. ಆಮೇಲೆ ನಕ್ಕಳು.

“ಭಯಾನಾ? ನಂದು ನಿಂಗೆ ಹತ್ಬೇಕಾದ್ರೆ ಮೊದ್ಲು ನಿಂಗೆ ಇಲ್ದೆ ಇರ್ಬೇಕಲ್ಲ ತಂಬಿ.”

ಮರದ ಕೆಳಗಿದ್ದ ಎಲ್ಲರೂ ನಕ್ಕರು. ನಾಚಿಕೆಯಿಂದ ನಾನು ಕೈ ಕೊಟ್ಟೆ, ಪ್ರೀತಿಯಿಂದಲ್ಲ. ಆಕೆ ತಾಳಿಯ ದಾರದಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದು, ಎರಡೇ ಬೆರಳಲ್ಲಿ ಹಿಡಿದು, ಸಿಬಿರನ್ನು ಎತ್ತಿದಳು. ಹಿಂದೆಯೇ ಕೀವು ಬಂತು.

“ಎಷ್ಟು ದಿನದ್ದು ಇದು?”

“ಗೊತ್ತಿಲ್ಲ.”

“ಗೊತ್ತಾಗೋದಿಲ್ಲ. ಇನ್ಮೇಲೆ ನೋವು ಬಂದು ಬಾಗಿಲು ತಟ್ಟೋದಿಲ್ಲ. ನೀನೇ ದಿನಾ ಹೋಗಿ ಕೇಳ್ಕೊಂಡ್ ಬರ್ಬೇಕು.”

“ಹೇಗೆ ಕೇಳೋದು?”

ಆಕೆ ತನ್ನ ಕೈಗಳನ್ನು ಮಡಿಲಲ್ಲಿ ಬೆಳಕಿಗೆ ಹಿಡಿದಳು. ಸಂಜೆ ಕೆಲಸ ಮುಗಿದ ಮೇಲೆ, ಬೆಳಕಿರುವಾಗಲೇ, ಲೈನಿನ ಬಾಗಿಲಲ್ಲಿ ಕೂತು ಮಾಡುವುದನ್ನು ಮಾಡಿ ತೋರಿಸಿದಳು. ಒಂದೊಂದೇ ಬೆರಳನ್ನು ಹಿಡಿದು, ತಿರುಗಿಸಿ, ಉಗುರಿನ ಸಂದಿಯಿಂದ ಬುಡದವರೆಗೆ ನೋಡಿ, ಅದು ಅವತ್ತು ಏನು ಮಾಡಿತು ಎಂದು ಅದಕ್ಕೇ ಹೇಳುವುದು. ನೀನು ಹಣ್ಣು ಬಿಡಿಸಿದೆ. ನೀನೂ ಬಿಡಿಸಿದೆ. ನೀನು ಕೊಂಬೆ ಬಗ್ಗಿಸಿ ಹಿಡಿದೆ. ನೀನು ಬಿಂದಿಗೆಯ ಕಂಠಕ್ಕೆ ಆಸರೆಯಾದೆ. ಸಾಕು, ಒಳ್ಳೇ ಕೆಲಸ ಮಾಡಿದೆ, ಮಲಗು. ಕೈ ಮುಗಿದ ಮೇಲೆ ಕಾಲು.

“ಮಡಚಿದ ಬೆರಳಿಗೆ ಯಾಕೆ ಹೇಳ್ಬೇಕು?” ಎಂದೆ. ಕೊಂಕಿನಿಂದಲೇ ಕೇಳಿದೆ.

“ಅದಕ್ಕೇ ಹೇಳ್ಬೇಕಾದ್ದು. ಕೊಂಬೆ ಹಿಡಿದಿದ್ದು ಅದಕ್ಕೆ ಗೊತ್ತಿಲ್ಲ. ನಾನ್ ಹೇಳ್ದೆ ಇದ್ರೆ ಯಾರ್ ಹೇಳ್ತಾರೆ?”

“ದೇವರಿಗೆ ಹೇಳಿದ ಹಾಗೆ.”

“ದೇವರಿಗೆ ನನ್ನ ಕೈ ಬೇಕಾಗಿಲ್ಲ. ನಂಗೆ ಬೇಕು.”

ಮುಂದೆ ನಾನು ಕೃತಜ್ಞತೆಯ ಬಗ್ಗೆ ಬಹಳ ಉಪದೇಶ ಕೇಳಿದೆ. ಇದ್ದುದಕ್ಕೆ ಸಂತೋಷಪಡು, ಇಲ್ಲದ್ದನ್ನು ಮರೆ ಎನ್ನುತ್ತವೆ ಅವು. ಪಳನಿಯಮ್ಮ ಇಲ್ಲದ್ದನ್ನು ಒಂದು ದಿನವೂ ಮರೆತವಳಲ್ಲ. ಮರೆತಿದ್ದರೆ ಆ ಬೆರಳುಗಳು ಎಂದೋ ಉದುರುತ್ತಿದ್ದವು. ಆಕೆಯ ಕೃತಜ್ಞತೆ ಒಂದು ತಪಾಸಣೆ. ವಂದಿಸಬೇಕಾದರೆ ನೋಡಬೇಕು, ನೋಡಿದರೆ ಗಾಯ ಕಾಣುತ್ತದೆ, ಕಂಡರೆ ಕಟ್ಟಬಹುದು. ಇದನ್ನು ಆಕೆ ಯಾರಿಂದಲೂ ಕಲಿತಿರಲಿಲ್ಲ. ಡಾಕ್ಟರೇ ಒಮ್ಮೆ ಹೊರಗೆ ಬಂದು, ಆಕೆಯ ಕೈ ಹಿಡಿದು ಎಲ್ಲರಿಗೂ ತೋರಿಸಿ, “ನಾನು ಹೇಳಿಕೊಡಬೇಕಾದದ್ದನ್ನು ಇವಳು ಮಾಡಿದ್ದಾಳೆ,” ಎಂದಿದ್ದರು. ಆಕೆಗೆ ನಾಚಿಕೆಯಾಗಲಿಲ್ಲ. “ಮತ್ತೆ? ಕೈ ಯಾರ್ದು?” ಎಂದಿದ್ದಳು.

ನಾನು ಶುರು ಮಾಡಿದ್ದು ಯಾರೂ ಕಾಣದ ಹಾಗೆ, ನರ್ಸರಿಯ ಶೆಡ್ಡಿನ ಹಿಂದೆ. ಮೊದಲ ಸಂಜೆ ಕಿರುಬೆರಳಿಗೆ ಏನು ಹೇಳಬೇಕೆಂದೇ ತೋಚಲಿಲ್ಲ. ಅದು ಏನು ಮಾಡಿತ್ತೋ ನನಗೆ ಗೊತ್ತಿರಲಿಲ್ಲ. ಎರಡನೆಯ ಸಂಜೆಗೆ ಗೊತ್ತಿರಬೇಕು ಎಂದು ಹಗಲೆಲ್ಲ ಅದನ್ನು ಗಮನಿಸಿದೆ. ಬುಟ್ಟಿಯ ಅಂಚನ್ನು ಒತ್ತಿ ಹಿಡಿಯುವುದು ಅದೇ. ಬಿದಿರು ಸೀಳುವಾಗ ಕತ್ತಿಯ ಹಿಡಿ ಜಾರದಂತೆ ತಡೆಯುವುದೂ ಅದೇ. ಸ್ಪರ್ಶವಿಲ್ಲದೆಯೂ ದಿನವಿಡೀ ದುಡಿಯುತ್ತಿತ್ತು. ನಾಲ್ಕನೆಯ ಸಂಜೆ ಒಂದು ಬೊಕ್ಕೆ ಕಂಡು, ಒಡೆಯುವ ಮುಂಚೆ ಬಟ್ಟೆ ಸುತ್ತಿದೆ. ಆಮೇಲೆ ನನ್ನ ಕೈಯಲ್ಲಿ ಕೀವು ಕಟ್ಟಲಿಲ್ಲ. ಮನಸ್ಸು ಹಗುರಾಯಿತು ಎಂದು ಬರೆಯುವುದಕ್ಕೆ ಆಸೆಯಾಗುತ್ತದೆ. ಹಗುರಾದದ್ದು ಎಷ್ಟೋ ತಿಂಗಳ ಮೇಲಿರಬೇಕು. ಆಗ ಆದದ್ದು ಇಷ್ಟೇ: ಸಂಜೆಗಾಗಿ ಕಾಯುವುದಕ್ಕೆ ಒಂದು ಕೆಲಸ ಸಿಕ್ಕಿತು.

ಹೀಗೆ ನೋಡುತ್ತ ನೋಡುತ್ತ ಒಂದು ದಿನ ಎಡಗೈಯ ಸರದಿ ಬಂದಾಗ ಅದಕ್ಕೆ ಹೇಳಲು ಏನೂ ಇರಲಿಲ್ಲ. ಮುಟ್ಟಿದ್ದೆಲ್ಲ ಗೊತ್ತಾಗುವ, ರೋಗ ತಾಕದ ಕೈ. ಅದು ಹಗಲೆಲ್ಲ ಸುಮ್ಮನೆ ಇತ್ತು. ಇಷ್ಟು ಕೊಯ್ಲಿನಲ್ಲಿ ಒಂದು ಸಲವೂ ನಾನದನ್ನು ತೊಟ್ಟಿಗೆ ಹಾಕಿರಲಿಲ್ಲ.

ಜೂನ್‌ನಲ್ಲಿ ರಜೆ ಕೇಳಿ ನಾಪೋಕ್ಲು ಹತ್ತಿರದ ಮನೆಗೆ ಹೋದೆ. ಅವ್ವ ಮತ್ತು ನನ್ನ ಅಕ್ಕ ಇದ್ದರು. ರೋಗದ ಸುದ್ದಿ ನನಗಿಂತ ಮುಂಚೆ ಹೋಗಿತ್ತು. ಯಾರೂ ಹೇಳದಿದ್ದರೂ ನಾನು ಜಗಲಿಯಲ್ಲೇ ಕೂತೆ. ಅಕ್ಕ ಅಲ್ಲಿಗೇ ಊಟ ತಂದಿಟ್ಟಳು. ಅವ್ವ ತನ್ನ ತಟ್ಟೆ ಹಿಡಿದುಕೊಂಡು ಬಂದು ನನ್ನೆದುರು ಕೂತಳು. ಆ ಸಲ ಅಲ್ಲಿದ್ದಷ್ಟು ದಿನವೂ ಹಾಗೇ ನನ್ನ ಜೊತೆ ಜಗಲಿಯಲ್ಲಿ ಉಂಡಳು. ಇದು ನನ್ನ ನೆನಪು. ಅಕ್ಕನನ್ನು ಕೇಳಿದರೆ, ಅವ್ವನಿಗೆ ಹಸಿ ಸೌದೆಯ ಹೊಗೆ ಆಗುತ್ತಿರಲಿಲ್ಲ, ಆ ದಿನಗಳಲ್ಲಿ ಯಾವಾಗಲೂ ಜಗಲಿಯಲ್ಲೇ ಉಣ್ಣುತ್ತಿದ್ದಳು ಎನ್ನುತ್ತಾಳೆ. ಇರಬಹುದು. ಹೊಗೆಗಾಗಿ ಬಂದಿದ್ದರೂ ಆಕೆ ಕೂತದ್ದು ನನ್ನೆದುರಿಗೆ.

ಹಲಸಿನ ಹಣ್ಣಿನ ಕಾಲ. ಬೀಜಗಳನ್ನು ತೊಳೆಯಲು ಬುಟ್ಟಿಯಲ್ಲಿ ರಾಶಿ ಹಾಕಿದ್ದರು. ಹೊಸ ಬೀಜಕ್ಕೆ ಲೋಳೆ. ತಿಕ್ಕಿ ತೊಳೆದ ಬೀಜ ಬೆರಳಿಗೆ ಕಿರ್ ಎನ್ನುತ್ತದೆ. ನಾನು ಕಣ್ಣು ಮುಚ್ಚಿ ಎಡಗೈಯಲ್ಲಿ ಒಂದೊಂದನ್ನೇ ತಿಕ್ಕುತ್ತ ಕೂತೆ.

“ಎಂತ ಮಾಡ್ತೊಳ ಮಗ, ಕಣ್ಣ್ ಮುಚ್ಚಿಕಂಡ್?” ಎಂದಳು ಅವ್ವ, ನಮ್ಮ ಅರೆಭಾಷೆಯಲ್ಲಿ.

“ಕೈಗೆ ಕಲಿಸ್ತೊಳೆ.”

ಆಕೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು, ತೊಳೆದದ್ದನ್ನೂ ತೊಳೆಯದ್ದನ್ನೂ ಬೆರೆಸಿ, ಒಂದೊಂದನ್ನೇ ನನ್ನ ಎಡ ಅಂಗೈಗೆ ಇಡುವುದಕ್ಕೆ ಶುರು ಮಾಡಿದಳು.

“ಇದ್?”

“ತೊಳ್ದದ್.”

“ಇದ್?”

“ತೊಳಿಯದ್ದ್.”

“ಇದ್?”

ನಾನು ತಡೆದೆ. ಜಾರುತ್ತಲೂ ಇತ್ತು, ಒರಟೂ ಇತ್ತು. “ಗೊತ್ತಿಲ್ಲೆ,” ಎಂದೆ.

“ಅರ್ಧ ತೊಳ್ದೊಳೆ,” ಎಂದು ಅವ್ವ ನಕ್ಕಳು. ರೋಗದ ಹೆಸರನ್ನು ಆಕೆ ಕೊನೆಯವರೆಗೂ ಎತ್ತಲಿಲ್ಲ. ಆದರೆ ನನ್ನ ಕೈ ಹಿಡಿದು ಬೀಜ ಇಡುತ್ತಿದ್ದಳು. ಆ ಹದಿನೈದು ದಿನದಲ್ಲಿ ಎಷ್ಟು ಸಲ ಹಿಡಿದಳೋ ಲೆಕ್ಕವಿಲ್ಲ.

ವಾಪಸಾಗುವಾಗ ಮಳೆಗಾಲದ ಕಿತ್ತಳೆ ಒಂದು ಚೀಲ ತಂದೆ. ಮಂಗಳವಾರ ಪಳನಿಯಮ್ಮನಿಗೆ ಕೊಟ್ಟು, ನಿನ್ನಿಂದ ಕೈ ಉಳಿಯಿತು ಎಂದು ಹೇಳಬೇಕೆಂದು ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಹೋದೆ. ಆಕೆ ನಾನು ಬಾಯಿ ತೆರೆಯುವ ಮುಂಚೆ ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

“ಹುಳಿ.”

“ಮಳೆಗಾಲದ್ದಲ್ವಾ ಅಕ್ಕ.”

“ಹುಳಿ ಅಂದ್ರೆ ಹುಳಿ,” ಎಂದು ಇನ್ನೊಂದನ್ನು ಸುಲಿದಳು. ಚೀಲ ಅರ್ಧವಾಗುವವರೆಗೂ ಬಯ್ಯುತ್ತಲೇ ತಿಂದಳು. ಉಳಿದದ್ದನ್ನು ಮರದ ಕೆಳಗಿದ್ದವರಿಗೆ ಹಂಚಿದಳು. ನಾನು ಜೋಡಿಸಿಕೊಂಡ ಮಾತು ಹಾಗೇ ಉಳಿಯಿತು. ನನಗೆ ಆಕೆಯ ಮೇಲಿನ ಗೌರವ ಹೆಚ್ಚಾದದ್ದು ಇಂಥ ಗಳಿಗೆಗಳಲ್ಲೇ. ಆಕೆ ಉಪಕಾರಕ್ಕೆ ಸಿಹಿಯಾಗಿ ನಡೆದುಕೊಳ್ಳಬೇಕು ಎಂದುಕೊಂಡವಳಲ್ಲ. ಹುಳಿಯನ್ನು ಹುಳಿ ಎನ್ನುವ ಬಾಯಲ್ಲೇ, ಸಂಜೆ ಬೆರಳಿಗೆ ಒಳ್ಳೇ ಕೆಲಸ ಮಾಡಿದೆ ಎನ್ನುತ್ತಿದ್ದಳು. ಅದಕ್ಕೇ ಆ ಮಾತಿಗೆ ತೂಕವಿತ್ತು.

ನವೆಂಬರ್ ಹೊತ್ತಿಗೆ ನನ್ನ ಮಚ್ಚೆಗೆ ಬಣ್ಣ ಬಂದಿತ್ತು. ಡಾಕ್ಟರು ಮತ್ತೆ ಗರಿ ಹಿಡಿದರು. ತೋಳಿನ ಮೇಲೆ ಗೊತ್ತಾಯಿತು. ಬೆರಳುಗಳಲ್ಲಿ ಇಲ್ಲ. ಈ ಸಲ ನಾನು ಊಹಿಸಲಿಲ್ಲ, ಗೊತ್ತಾಗದಾಗ ಗೊತ್ತಾಗಲಿಲ್ಲ ಎಂದೆ. ರೋಗ ನಿಂತಿದೆ, ಇನ್ನು ಕೆಲವು ತಿಂಗಳು ಸೂಜಿಮದ್ದು ಸಾಕು ಎಂದರು. ಹೊರಗೆ ಬಂದು ಪಳನಿಯಮ್ಮನಿಗೆ ಹೇಳಿದೆ. ಆಕೆಯ ಔಷಧಿ ನಿಲ್ಲುವಂಥದ್ದಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

“ಹೊಟ್ಟೆ ಉರೀತದೆ ತಂಬಿ. ಸುಳ್ಳು ಯಾಕ್ ಹೇಳ್ಲಿ,” ಎಂದಳು. ಎಲೆಗೆ ಸುಣ್ಣ ಹಚ್ಚಿ ಮಡಚಿದಳು. “ಖುಷೀನೂ ಆಗ್ತದೆ. ಎರಡೂ ಇರ್ಲಿ.”

ಡಿಸೆಂಬರಿನ ಮೊದಲ ದೊಡ್ಡ ಕೊಯ್ಲು ತೊಟ್ಟಿಗೆ ಬಿದ್ದ ಮೂರನೆಯ ದಿನ ಬೆಳಿಗ್ಗೆ, ಯಾರೂ ಕರೆಯದೆ ನಾನು ಪಲ್ಪರ್ ಮನೆಗೆ ಹೋದೆ. ಮಂಜು ಇನ್ನೂ ಕಣದ ಮೇಲೆ ಕೂತಿತ್ತು. ಚಾತು ಮೇಸ್ತ್ರಿ ಕಂಬಳಿ ಹೊದ್ದು ತೊಟ್ಟಿಯ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದರು.

“ಕೈ ಉಂಟಾ?” ಎಂದರು.

“ಬಲಗೈ ಇಲ್ಲ. ಎಡಗೈ ಉಂಟು.”

“ಎಡಗೈ?” ಬೀಡಿ ಬಾಯಿಂದ ತೆಗೆದರು. “ವರ್ಷದ ಮೊದಲ ತೊಟ್ಟಿಗೆ ಎಡಗೈ ಹಾಕ್ತೀಯಾ? ಯಾರಾದ್ರೂ ಕೇಳಿದ್ರೆ ನಗ್ತಾರೆ.”

“ಕಾಫಿಗೆ ಗೊತ್ತಾಗ್ತದಾ ಮೇಸ್ತ್ರಿ, ಯಾವ ಕೈ ಅಂತ?”

ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ನಾನು ಮಂಡಿಯೂರಿ ತೋಳು ಮಡಚಿ ಎಡಗೈಯನ್ನು ಮೊಣಕೈವರೆಗೆ ಇಳಿಸಿದೆ. ಮೇಲೆ ತಣ್ಣಗೆ, ಕೆಳಗೆ ಬೆಚ್ಚಗೆ. ಆ ಬೆಚ್ಚನೆಯನ್ನು ನಾನು ಮರೆತೇಬಿಟ್ಟಿದ್ದೆ. ಒಂದು ಹಿಡಿ ತೆಗೆದು ತಿಕ್ಕಿದೆ. ಜಾರುತ್ತಿತ್ತು. ಆದರೆ ಜಾರುತ್ತಿದೆ ಎಂದು ಹೇಳಲು ನನಗೆ ಭಯವಾಯಿತು. ಹಿಂದಿನ ವರ್ಷ ಮೂರು ಸಲ ಹೇಳಿದ ಮಾತು ಅದೇ. ಈಗಲೂ ಕೈಯೇ ಸುಳ್ಳು ಹೇಳುತ್ತಿದ್ದರೆ? ಇನ್ನೊಂದು ಹಿಡಿ ತೆಗೆದು ಕೆನ್ನೆಗೆ ಉಜ್ಜಿ ನೋಡಿಬಿಡಲೇ ಅನ್ನಿಸಿತು. ಮೇಸ್ತ್ರಿ ನೋಡುತ್ತಿದ್ದರು. ಉಜ್ಜಲಿಲ್ಲ.

“ಇನ್ನೂ ಆಗಿಲ್ಲ,” ಎಂದೆ.

“ಹ್ಞೂಂ,” ಎಂದರು.

ಕಟ್ಟೆಯ ಮೇಲೇ ಕೂತೆ. ಅವರು ಇನ್ನೊಂದು ಬೀಡಿ ಹಚ್ಚಿದರು. ಬಿಸಿಲು ಕಣದ ಅಂಚಿಗೆ ಬಂತು. ಮತ್ತೆ ಕೈ ಹಾಕಿದೆ. ಬೀಜದ ಮೈಯಲ್ಲಿ ಒಂದು ಕಡೆ ಒರಟು, ಇನ್ನೊಂದು ಕಡೆ ಜಾರು. ಅವ್ವನಿಟ್ಟ ಅರ್ಧ ತೊಳೆದ ಬೀಜದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಮೂರನೆಯ ಸಲ ಹಾಕಿದೆ. ತಳದಿಂದ ತೆಗೆದೆ, ನಡುವಿನಿಂದ ತೆಗೆದೆ, ನಾಲ್ಕು ಮೂಲೆಯಿಂದ ತೆಗೆದೆ. ಹಿಡಿ ಹಿಚುಕಿದಾಗ ಬೀಜಗಳು ಬೆರಳ ಸಂದಿಯಲ್ಲಿ ಒಂದಕ್ಕೊಂದು ತಿಕ್ಕಿ ಕರಕರ ಎಂದವು. ಆ ಶಬ್ದ ಕೈಗೂ ಬಂತು, ಕಿವಿಗೂ ಬಂತು.

“ಆಯ್ತು,” ಎಂದೆ.

ಚಾತು ಮೇಸ್ತ್ರಿ ಪಲ್ಪರ್ ಮನೆಯಲ್ಲಿ ಯಾರ ಕೈಯನ್ನೂ ಪೂರ್ತಿ ನಂಬುವವರಲ್ಲ. ಯಾರು ಆಯಿತು ಎಂದರೂ ತಾವೊಮ್ಮೆ ಕೈ ಹಾಕಿ ನೋಡದೆ ನೀರು ಬಿಡಿಸಿದ್ದನ್ನು ನಾನು ಕಂಡಿರಲಿಲ್ಲ. ನಾನು ಎದ್ದು ಅವರಿಗೆ ಜಾಗ ಬಿಟ್ಟೆ.

ಅವರು ಕಟ್ಟೆಯಿಂದ ಇಳಿದರು. ಕಾಲುವೆಯ ಕಡೆಗೆ ತಿರುಗಿ, ತೂಬಿನ ಹತ್ತಿರ ನಿಂತಿದ್ದವರಿಗೆ “ನೀರು ಬಿಡ್ರೋ” ಎಂದು ಕೂಗಿದರು.

ನೀರು ಬಂತು. ಅವರು ಮುಂಜಾನೆಯೇ, ನಾನು ಬರುವ ಮುಂಚೆಯೇ, ಎಲ್ಲ ತೊಟ್ಟಿಗಳನ್ನೂ ನೋಡಿಟ್ಟಿದ್ದರೇನೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನೋಡಿದ್ದರೂ ಕೊನೆಯ ಗಳಿಗೆ ಯಾವುದೆಂದು ಅದರಿಂದ ಗೊತ್ತಾಗುವುದಿಲ್ಲ. ಅವತ್ತಿನ ಮಂಜು, ಬಿಸಿಲು, ಮೂರು ಸಲ ಕೈ ಹಾಕಿದ್ದು, ಆಡಿದ ಮಾತು, ಇವೆಲ್ಲ ಬರೆಯುವಾಗ ಸ್ವಲ್ಪ ಅತ್ತಿತ್ತ ಆಗಿರಬಹುದು. ಒಂದನ್ನು ಮಾತ್ರ ನಾನು ಆಗಲೇ ತಿರುಗಿ ನೋಡಿದ್ದೆ, ನೋಡಬೇಕೆಂದೇ ನೋಡಿದ್ದೆ. ಕಂಬಳಿ ಹೆಗಲಿಗೆ ಏರಿಸಿ ನೀರಿನತ್ತ ಕೈ ತೋರಿಸುತ್ತಿದ್ದ ಅವರ ತೋಳು ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಹನಿಯೂ ತಾಗದೆ ಒಣಗಿತ್ತು.